ಬುನ್ತಾ ಎತ್ತರದಲ್ಲಿಟ್ಟ ಗಾರ್ಡ್

ಬುನ್ತಾನ ಬಗ್ಗೆ ಹೇಳಹೊರಟರೆ ಅವನ ಬಾಯಿಂದಲೇ ಶುರು ಮಾಡಬೇಕು. ಮೇಲಿನ ಸಾಲಿನಲ್ಲಿ ಮುಂದಿನ ನಾಲ್ಕು ಹಲ್ಲಿಲ್ಲ. ನಮ್ಮ ಥಾಯ್ ಬಾಕ್ಸಿಂಗ್ ಗರಡಿಯಲ್ಲಿ ಹಲ್ಲು ಉದುರಿಸಿಕೊಂಡವನು ಅವನೊಬ್ಬನೇ ಅಲ್ಲ. ಉಳಿದವರು ಕಟ್ಟಿಸಿಕೊಂಡರು, ಕಟ್ಟಿಸಿಕೊಳ್ಳಲಾಗದವರು ಬಾಯಿ ಮುಚ್ಚಿ ನಗುವುದನ್ನು ಕಲಿತರು. ಬುನ್ತಾ ನಗುವುದನ್ನೇ ಬಿಟ್ಟುಬಿಟ್ಟ. ಮಾತಾಡುವಾಗ ಮೇಲಿನ ತುಟಿಯನ್ನು ಕೆಳಗೆ ಎಳೆದುಕೊಳ್ಳುತ್ತಾನೆ. ಹೊಸಬರು ನೋಡಿದರೆ ಯಾರ ಮೇಲೋ ಸಿಟ್ಟು ಮಾಡಿಕೊಂಡಿದ್ದಾನೆ ಅಂದುಕೊಳ್ಳಬೇಕು, ಹಾಗಿರುತ್ತದೆ ಮುಖ.

ನಾನು ಅದೇ ಗರಡಿಯಲ್ಲಿ ಮೈ ತಿಕ್ಕುವವನು. ಪಂದ್ಯಕ್ಕೆ ಮುಂಚೆ ಎಣ್ಣೆ ಹಚ್ಚಿ ತಿಕ್ಕುವುದು, ಸುತ್ತುಗಳ ನಡುವೆ ಮೂಲೆಯಲ್ಲಿ ನಿಂತು ನೀರು ಕೊಡುವುದು, ಹೊಡೆತ ಬಿದ್ದ ಕಡೆ ಐಸ್ ಒತ್ತುವುದು ನನ್ನ ಕೆಲಸ. ಬುನ್ತಾನೂ ನಾನೂ ಉಬೊನ್ ಪಟ್ಟಣದ ಆಚೆಯ ಒಂದೇ ಊರಲ್ಲಿ, ಒಂದೇ ಕೆಸರಲ್ಲಿ ಬೆಳೆದವರು. ಅವನ ಹಲ್ಲು ಹೋದ ದಿನವೂ ಮೂಲೆಯಲ್ಲಿ ನಾನಿದ್ದೆ.

ಆಗೆಲ್ಲ ಇಡೀ ಗರಡಿಗೆ ಒಂದೇ ಹಲ್ಲಿನ ಗಾರ್ಡ್. ಬಕೆಟ್ ನೀರಲ್ಲಿ ತೇಲುತ್ತಿರುತ್ತಿತ್ತು. ಒಬ್ಬನ ಬಾಯಿಂದ ತೆಗೆದು, ಜಾಲಿಸಿ, ಇನ್ನೊಬ್ಬನ ಬಾಯಿಗೆ ತುರುಕುತ್ತಿದ್ದರು. ಅಗಲ ದವಡೆಯ ಯಾವನೋ ಪುಣ್ಯಾತ್ಮನಿಗೆ ತಂದದ್ದು ಅದು. ಬುನ್ತಾನದು ಇಲಿಮೂತಿಯಂಥ ಸಣ್ಣ ಬಾಯಿ. ಅದು ಜಾರದಂತೆ ಇಡೀ ಹೊತ್ತು ಕಚ್ಚಿ ಹಿಡಿದುಕೊಂಡೇ ಆಡಬೇಕಿತ್ತು. ಆವತ್ತು ಉಸಿರು ಸಾಲದೆ ಒಂದು ಕ್ಷಣ ಬಾಯಿ ಬಿಟ್ಟ. ಎದುರಾಳಿಯ ಮೊಣಕೈ ಆ ಕ್ಷಣಕ್ಕೇ ಕಾದಿತ್ತು. ಉದುರಿದ ಹಲ್ಲುಗಳನ್ನು ನಾನೇ ನನ್ನ ಟವೆಲ್ಲಿನಲ್ಲಿ ಆರಿಸಿಕೊಂಡೆ.

ಅವನು ಪಂದ್ಯ ಆಡುವುದು ಬಿಟ್ಟರೂ ಗರಡಿ ಬಿಡಲಿಲ್ಲ. ಹುಡುಗರು ಒದೆಯುವಾಗ ಪ್ಯಾಡ್ ಹಿಡಿಯುವ ಕೆಲಸಕ್ಕೆ ನಿಂತ. ಹೆಂಡತಿ ರಯೋಂಗ್‌ನ ಕಾರ್ಖಾನೆಗೆಂದು ಹೋದವಳು ಅಲ್ಲೇ ಬೇರೆ ಸಂಸಾರ ಹೂಡಿದಳು. ಮಗಳು ಫೈಲಿನ್‌ಳನ್ನು ಇವನೇ ಸಾಕಿದ. ಗರಡಿಯ ಜಗುಲಿಯ ಮೇಲೆ ಆಡುತ್ತ ಬೆಳೆದ ಹುಡುಗಿ ಏನು ಕಲಿಯುತ್ತಾಳೆ? ಒದೆಯುವುದನ್ನೇ ಕಲಿತಳು. ಬುನ್ತಾ ಬೇಡವೆಂದ, ಬೈದ, ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಪ್ಯಾಡ್ ಹಿಡಿದು ಅವಳೆದುರು ತಾನೇ ನಿಂತ. ಅವಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಸುತ್ತಲಿನ ಜಿಲ್ಲೆಗಳಲ್ಲಿ ಅವಳಿಗೆ ಸೋಲದ ಅವಳ ತೂಕದ ಹುಡುಗಿಯರು ಯಾರೂ ಉಳಿದಿರಲಿಲ್ಲ. ಏಪ್ರಿಲ್ ಕೊನೆಗೆ ಉಬೊನ್‌ನಲ್ಲಿ ದೊಡ್ಡ ಪಂದ್ಯ ಗೊತ್ತಾಯಿತು. ನೋಡಲು ಬ್ಯಾಂಕಾಕಿನಿಂದ ಜನ ಬರುತ್ತಾರೆ, ಗೆದ್ದರೆ ಅವಳು ಅಲ್ಲಿಗೆ ಹೋದ ಹಾಗೆಯೇ ಎಂದು ಗುರು ಸನನ್ ಹೇಳಿದರು. ಗರಡಿ ಅವರದು, ಮಾತೂ ಅವರದು.

ಎಲ್ಲರೂ ಬ್ಯಾಂಕಾಕಿನ ಕನಸು ಕಾಣುತ್ತಿದ್ದರೆ ಬುನ್ತಾನಿಗೆ ಬೇರೆಯದೇ ಚಿಂತೆ.

"ಗೆಲ್ಲಲಿ, ಸೋಲಲಿ, ನನ್ನ ಬಾಯಿ ಇವಳಿಗೆ ಬರಬಾರ್ದು ಕಣೋ ಮೀ," ಎಂದ ನನಗೆ. "ನಾನು ಕೇಳೋದು ಅದೊಂದೇ."

ಅಲ್ಲಿಯವರೆಗೆ ಫೈಲಿನ್ ಹಾಕುತ್ತಿದ್ದ ಗಾರ್ಡ್ ಕಚ್ಚಿ ಕಚ್ಚಿ ಹಾಳೆಯಂತೆ ತೆಳ್ಳಗಾಗಿತ್ತು. ಹೊಸದು ತರಲು ಮೂವರೂ ಪಟ್ಟಣಕ್ಕೆ ಹೋದೆವು. ಆಟದ ಸಾಮಾನಿನ ಅಂಗಡಿಯಲ್ಲಿ ಗೋಡೆ ತುಂಬ ಗಾರ್ಡುಗಳು, ಕೆಂಪು, ನೀಲಿ, ಹುಲಿಯ ಕೋರೆಹಲ್ಲು ಬರೆದದ್ದು. ಬುನ್ತಾ ಮದುವೆಗೆ ಹೆಣ್ಣು ನೋಡಲು ಬಂದವನಂತೆ ಒಂದೊಂದನ್ನೂ ತಿರುಗಿಸಿ ನೋಡಿದ, ಮೂಸಿದ, ಉಗುರಿನಿಂದ ಒತ್ತಿದ.

"ಇದು ಹಾಕ್ಕೊಳ್ಲಾ ಅಪ್ಪ?" ಫೈಲಿನ್ ಕೋರೆಹಲ್ಲಿನದನ್ನು ತುಟಿಗೆ ಹಿಡಿದು ತೋರಿಸಿದಳು.

"ಹಾಕ್ಕೋ. ಎದುರುಗಡೆಯವಳು ನಕ್ಕೂ ನಕ್ಕೂ ಸೋಲ್ತಾಳೆ."

"ಮೀ ಮಾವ, ನಮ್ಮಪ್ಪ ಜೋಕ್ ಹೊಡೆದ! ಇವತ್ತು ಮಳೆ ಗ್ಯಾರಂಟಿ."

"ಏಪ್ರಿಲ್‌ನಲ್ಲಿ ಮಳೆ ಬಂದ್ರೆ ಒಳ್ಳೇದೇ ಬಿಡು," ಎಂದೆ ನಾನು.

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ಮಾಡಿದ ದಪ್ಪನೆಯದೊಂದಿತ್ತು. ಬುನ್ತಾನ ಕಣ್ಣು ಅದರ ಮೇಲೆ. ದಪ್ಪಗಿದ್ದರೆ ಗಟ್ಟಿ ಎಂದು ಅವನ ಲೆಕ್ಕ. ಫೈಲಿನ್ ಬಾಯಿಗೆ ಹಿಡಿದು ನೋಡಿ, "ಇದರಲ್ಲಿ ಉಸಿರು ಬಿಡೋದು ಹೇಗೆ, ಕಿವಿಯಿಂದಾನಾ?" ಎಂದಳು. ಕೊನೆಗೆ ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚುವಂಥ ಒಂದನ್ನು ತಂದೆವು. ಮನೆಗೆ ಬಂದು ಬುನ್ತಾ ಅದನ್ನು ನೂಡಲ್ಸ್ ಬೇಯಿಸುವ ಪಾತ್ರೆಗೆ ಹಾಕಿದ. ಇನ್ನೂ ಸ್ವಲ್ಪ ಬೇಯಲಿ, ಇನ್ನೂ ಸ್ವಲ್ಪ ಬೇಯಲಿ ಎಂದು ಬಿಟ್ಟು ತೆಗೆದಾಗ ಅದು ಗಾರ್ಡ್ ಆಗಿರಲಿಲ್ಲ, ಅಗಿದು ಉಗಿದ ಚೂಯಿಂಗ್ ಗಮ್ ಆಗಿತ್ತು. ಫೈಲಿನ್ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. ತುಂಬು ಹಲ್ಲಿನ ಹುಡುಗಿ, ಬಾಯ್ತುಂಬ ನಗುತ್ತಿದ್ದಳು.

ಮಾರನೆಯ ದಿನ ಬುನ್ತಾ ಸಾಕಿದ ಬಾತುಗಳಲ್ಲಿ ಅರ್ಧ ಮಾಯವಾಗಿದ್ದವು, ಮಾರಿದ ದುಡ್ಡು ಅವನ ಜೇಬಿನಲ್ಲಿತ್ತು. "ಹಲ್ಲಿನ ಡಾಕ್ಟರಮ್ಮನ ಹತ್ರ ಅಳತೆ ಕೊಟ್ಟು ಮಾಡಿಸೋಣ," ಎಂದ. ನನಗೂ ಸರಿ ಎನ್ನಿಸಿತು. ಒಬ್ಬರ ಬಾಯಿಯ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲ ಎನ್ನುವುದನ್ನು ಅವನಿಗಿಂತ ಚೆನ್ನಾಗಿ ಯಾರು ಕಲಿತಿದ್ದಾರೆ?

ಡಾಕ್ಟರಮ್ಮ ಫೈಲಿನ್‌ಳ ಬಾಯಿಗೆ ಹಿಟ್ಟಿನಂಥದ್ದನ್ನು ತುಂಬಿದ ತಟ್ಟೆ ಇಟ್ಟು ಅಚ್ಚು ತೆಗೆದರು. ಮುಂದಿನ ವಾರ ಹೋದಾಗ ಅಚ್ಚಿನಿಂದ ಎರಕ ಹೊಯ್ದ ಬಿಳಿ ಗಾರೆಯ ಹಲ್ಲುಸಾಲನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಗಾರ್ಡನ್ನು ಕೂರಿಸಿ ತೋರಿಸಿದರು. ಟಕ್ಕೆಂದು ಕೂತಿತು. ಅಲುಗಾಡಿಸಿದರೂ ಅಲುಗಲಿಲ್ಲ. ಫೈಲಿನ್ ಬಾಯಿಗೆ ಹಾಕಿಕೊಂಡು ಮಾತಾಡಿದಳು, ನೀರು ಕುಡಿದಳು, ಡಾಕ್ಟರಮ್ಮನ ಕುರ್ಚಿಗೆ ಒದೆಯುವಂತೆ ಕಾಲೆತ್ತಿದಳು. ಬುನ್ತಾ ಅದನ್ನೆಲ್ಲ ನೋಡಲಿಲ್ಲ. ಗಾರೆಯ ಹಲ್ಲುಗಳನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತ ನಿಂತುಬಿಟ್ಟಿದ್ದ.

"ಇದನ್ನ ನಾನು ತಗೊಂಡು ಹೋಗ್ಲಾ?" ಎಂದು ಕೇಳಿದ.

"ತಗೊಂಡು ಹೋಗಿ, ಕಳೀಬೇಡಿ," ಎಂದರು ಡಾಕ್ಟರಮ್ಮ. ತೂತುಗಳಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕೊಟ್ಟು, "ಗಾರ್ಡ್ ಇದರಲ್ಲಿಡಿ. ತಣ್ಣೀರಲ್ಲೇ ತೊಳೀರಿ. ಬಿಸಿಲಲ್ಲಿ ಇಡ್ಬೇಡಿ, ತಂಪಾಗಿರೋ ಜಾಗದಲ್ಲಿಡಿ," ಎಂದರು. ಬುನ್ತಾ ಕೈಮುಗಿದು ಪ್ರತಿ ಮಾತಿಗೂ ತಲೆಯಾಡಿಸಿದ.

ಅಭ್ಯಾಸದ ದಿನಗಳೆಲ್ಲ ಫೈಲಿನ್ ಆ ಡಬ್ಬಿಯನ್ನು ಮೆಟ್ಟಿಲ ಪಕ್ಕದ ಮಣ್ಣಿನ ಹರವಿಯ ಬುಡದಲ್ಲಿ ಇಡುತ್ತಿದ್ದಳು. ನೀರು ಜಿನುಗಿ ಆ ಜಾಗ ಸದಾ ತಣ್ಣಗೆ. ಬೇಸಿಗೆಯಲ್ಲಿ ನಾಯಿಯೂ ಅಲ್ಲೇ ಮಲಗುತ್ತಿತ್ತು. ಪಂದ್ಯ ಹತ್ತಿರ ಬಂದು, ಮೈಗೆ ವಿಶ್ರಾಂತಿ ಬೇಕೆಂದು ಗುರುಗಳು ಹೊಡೆದಾಟದ ಅಭ್ಯಾಸ ನಿಲ್ಲಿಸಿದರು. ಆಗಲೇ ಬುನ್ತಾನ ಕಣ್ಣಿಗೆ ಡಬ್ಬಿ ಬಿದ್ದದ್ದು.

"ಅಲ್ಲ ಕಣೇ, ಕಾಲು ತೊಳಿಯೋ ನೀರಿನ ಪಕ್ಕಾನಾ ಇದನ್ನ ಇಡೋದು? ನಾಯಿ ಮಲಗೋ ಕಡೆ?"

"ತಂಪಾಗಿರುತ್ತೆ ಅಂತ ಅಪ್ಪ."

"ತಲೆಗೆ ಸೇರೋ ವಸ್ತು ಕಣೇ ಅದು. ಕಾಲ ಮಟ್ಟದಲ್ಲಿ ಇಟ್ರೆ ಅದು ನಿನ್ನ ಕಾಯುತ್ತಾ?"

ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಪಂದ್ಯಕ್ಕೆ ಮುಂಚೆ ತಲೆಗೆ ಧರಿಸುವ ಮೊಂಕೊನ್ ಪಟ್ಟಿಯನ್ನು ಯಾರೂ ನೆಲಕ್ಕೆ ಮುಟ್ಟಿಸುವುದಿಲ್ಲ, ಅದರ ಮೇಲಿಂದ ಯಾರೂ ದಾಟುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ಹಲಗೆಯಲ್ಲಿ ಬುದ್ಧನ ಮೂರ್ತಿಯ ಪಕ್ಕ ಅದರ ಜಾಗ. ಬುನ್ತಾ ಗಾರ್ಡನ್ನು ಡಬ್ಬಿಯಿಂದ ತೆಗೆದ. ಡಬ್ಬಿ ಬಚ್ಚಲಿನ ಸಾಬೂನು ಡಬ್ಬಿಯ ಹಾಗಿದೆ, ದೇವರ ಪಕ್ಕ ಅಂಥದ್ದು ಬೇಡ ಎಂದ. ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ, ಸ್ಟೂಲು ಹತ್ತಿ, ಮೇಲಿನ ಹಲಗೆಯಲ್ಲಿ ಮೊಂಕೊನ್ ಪಕ್ಕದಲ್ಲಿಟ್ಟ. ಹೂವು, ಮೇಣದ ಬತ್ತಿ, ಗಾರೆಯ ಹಲ್ಲುಸಾಲು ಎಲ್ಲವೂ ಅಲ್ಲೇ ಇದ್ದವು. ಸ್ಟೂಲಿನ ಮೇಲೆ ನಿಂತೇ ಕೈಮುಗಿದು ಬಹಳ ಹೊತ್ತು ಏನೋ ಬೇಡಿಕೊಂಡ. ಏನೆಂದು ನನಗೆ ಗೊತ್ತು.

ಡಾಕ್ಟರಮ್ಮನ ಮಾತು ಅವನು ಮರೆತಿರಲಿಲ್ಲ. ಬಿಸಿಲು ಬೇಡ ಅಂದಿದ್ದರು. ಹಲಗೆ ಮನೆಯೊಳಗಿದೆ, ಅಲ್ಲಿ ಬಿಸಿಲೆಲ್ಲಿ ಬೀಳುತ್ತದೆ? ಆದರೆ ಹಲಗೆಯ ಮೇಲೆ ಗೇಣಿನಷ್ಟು ಎತ್ತರದಲ್ಲಿ ಅಲೆ ಅಲೆ ತಗಡಿನ ಸೂರು. ಏಪ್ರಿಲ್ ಮಧ್ಯಾಹ್ನ ಆ ತಗಡಿನ ಕೆಳಗೆ ಹಲ್ಲಿಯೂ ನಿಲ್ಲುವುದಿಲ್ಲ.

ಪಂದ್ಯದ ಸಂಜೆ ಫೈಲಿನ್ ಎಲ್ಲ ಹೆಣ್ಣುಮಕ್ಕಳಂತೆ ಕೆಳಗಿನ ಹಗ್ಗದಡಿ ನುಸುಳಿ ರಿಂಗಿಗೆ ಹೋದಳು. ವಾದ್ಯ ಶುರುವಾಯಿತು. ನಾಲ್ಕೂ ಮೂಲೆಗೆ ನಮಸ್ಕರಿಸಿ, ಮಂಡಿಯೂರಿ, ಗುರುವಂದನೆಯ ಕುಣಿತ ಕುಣಿದಳು. ಚೆನ್ನಾಗಿ ಕುಣಿದಳು. ನನ್ನ ಮೈ ಜುಮ್ಮೆಂದಿತು. ಮೂಲೆಗೆ ಬಂದು ತಲೆಬಾಗಿದಾಗ ಬುನ್ತಾ ಮಂತ್ರ ಹೇಳಿ ಅವಳ ನೆತ್ತಿಗೆ ಊದಿ ಮೊಂಕೊನ್ ತೆಗೆದ. ಅದನ್ನು ತೆಗೆದ ಮೇಲೆಯೇ ಗಾರ್ಡ್ ಬಾಯಿಗೆ ಬರುವುದು, ನಮ್ಮ ಕ್ರಮವೇ ಹಾಗೆ. ಬಿಳಿ ಬಟ್ಟೆ ಬಿಚ್ಚಿ ತನ್ನ ಕೈಯಾರೆ ಮಗಳ ಬಾಯಿಗಿಟ್ಟ.

ಅವಳ ಹುಬ್ಬು ಗಂಟಾಯಿತು. ನಾಲಿಗೆಯಿಂದ ಒಂದು ಕಡೆ ಒತ್ತಿದಳು, ಇನ್ನೊಂದು ಕಡೆ ಎದ್ದಿತು ಅಂತ ಕಾಣುತ್ತದೆ. ಮತ್ತೆ ಒತ್ತಿದಳು.

"ಸರಿಯಾಗಿ ಕೂತಿದೆಯಾ?" ಬುನ್ತಾ ಕೇಳಿದ.

ಅವಳು ಅಪ್ಪನ ಮುಖ ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಮುಖದಲ್ಲಿ ನಗು ಕಂಡಿತ್ತು. ತುಟಿ ಎಳೆದುಕೊಳ್ಳುವುದನ್ನು ಮರೆತು ನಿಂತಿದ್ದ. ಅವಳು ಹೂಂ ಎಂದು ತಲೆಯಾಡಿಸಿದಳು. ಗಂಟೆ ಹೊಡೆಯಿತು.

ಮೊದಲ ಸುತ್ತು ಅವಳದೇ. ಎರಡನೆಯದರಲ್ಲಿ ಗಾರ್ಡ್ ಜಾರಿ ನೆಲಕ್ಕೆ ಬಿತ್ತು. ರೆಫರಿ ಪಂದ್ಯ ನಿಲ್ಲಿಸಿ ನನ್ನ ಕೈಗೆ ಕೊಟ್ಟರು. ನಾನು ತೊಳೆದು ಕೂರಿಸಹೋದರೆ ಅದು ಕೂರುತ್ತಿಲ್ಲ. ಎಡಕ್ಕೆ ಒತ್ತಿದರೆ ಬಲಕ್ಕೆ ಏಳುತ್ತದೆ.

"ಬುನ್ತಾ, ಇದು ಸೊಟ್ಟ ಆಗಿದೆಯೋ," ಎಂದೆ. "ನಿಲ್ಸಿಬಿಡೋಣ ಕಣೋ."

ಬುನ್ತಾನ ಮುಖ ಬಿಳಿಚಿತು. ಮಗಳ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿ, ನನ್ನ ಕೈಯಿಂದ ಗಾರ್ಡ್ ಕಿತ್ತು ಕಚ್ಚಿಕೊಂಡಳು.

"ಬಿಗಿಯಾಗಿ ಕಚ್ಚು ಮಗಳೇ," ಎಂದ ಬುನ್ತಾ. "ಬಾಯಿ ಬಿಡ್ಬೇಡ. ಏನೇ ಆಗ್ಲಿ, ಬಾಯಿ ಬಿಡ್ಬೇಡ."

ಬಾಯಿ ಬಿಡದೆ ಯಾರಿಗೆ ತಾನೇ ಹೊಡೆದಾಡಲಾಗುತ್ತದೆ? ಮೂರನೆಯ ಸುತ್ತಿನಲ್ಲಿ ಉಸಿರಿಗೆಂದು ಅವಳ ತುಟಿ ತೆರೆಯಿತು. ಎದುರಿನ ಹುಡುಗಿ ಕುತ್ತಿಗೆ ಹಿಡಿದು ಬಗ್ಗಿಸಿ ಮೊಣಕಾಲು ಎತ್ತಿದಳು. ಗಾರ್ಡ್ ಒಂದು ಕಡೆ, ಫೈಲಿನ್ ಒಂದು ಕಡೆ ಬಿದ್ದರು. ಜನ ಹೋ ಎಂದು ಕೂಗಿದರು. ಆ ಕೂಗು ಕೇಳಿ ನನಗೆ ಮೊದಲ ಸಲ ಈ ಆಟದ ಮೇಲೆಯೇ ಅಸಹ್ಯವಾಯಿತು. ಬುನ್ತಾ ಹಗ್ಗದೊಳಗೆ ನುಗ್ಗಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ಟವೆಲ್ ಹಿಡಿದು ಮತ್ತೆ ಮಂಡಿಯೂರಿದೆ. ಮುಂದಿನ ಮೂರು ಹಲ್ಲು. ದವಡೆಯೂ ಸೀಳಿತ್ತು.

ಆಸ್ಪತ್ರೆಯಲ್ಲಿ ಎರಡೂ ದವಡೆ ಸೇರಿಸಿ ತಂತಿ ಬಿಗಿದರು. ಕೊಳವೆಯಲ್ಲಿ ಗಂಜಿನೀರು ಹೀರುವುದು, ಕೈಸನ್ನೆಯಲ್ಲಿ ಮಾತು. ಕೆಲವು ದಿನ ಕಳೆದು, ಕಟ್ಟುಹಲ್ಲಿನ ವಿಷಯ ಕೇಳಲು ಡಾಕ್ಟರಮ್ಮನ ಹತ್ತಿರ ಹೋದೆವು. ಬುನ್ತಾ ಗಾರೆಯ ಹಲ್ಲುಸಾಲನ್ನೂ ಗಾರ್ಡನ್ನೂ ಒಟ್ಟಿಗೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದ. ಅವನಿಗೆ ಡಾಕ್ಟರಮ್ಮನ ಮೇಲೆ ಸಿಟ್ಟಿತ್ತು.

"ನೀವು ಅಳತೆ ತಪ್ಪಿ ಮಾಡಿದ್ರಿ. ನೋಡಿ, ನನ್ನ ಮಗಳ ಬಾಯಿ ನೋಡಿ," ಎಂದು ಅವುಗಳನ್ನು ಮೇಜಿನ ಮೇಲಿಟ್ಟ.

ಆಕೆ ಗಾರ್ಡನ್ನು ಗಾರೆಯ ಹಲ್ಲಿನ ಮೇಲಿಟ್ಟರು. ಅಂದು ಟಕ್ಕೆಂದು ಕೂತದ್ದು ಇಂದು ಕುಂಟುಗಾಲಿನ ಮಣೆಯಂತೆ ಓಲಾಡಿತು.

"ಇದಕ್ಕೆ ಕಾವು ತಗುಲಿದೆ," ಎಂದರು ಮೆಲ್ಲಗೆ. "ಎಲ್ಲಿಟ್ಟಿದ್ರಿ?"

ಬುನ್ತಾ ಬಾಯಿ ತೆರೆಯುವಷ್ಟರಲ್ಲಿ ಫೈಲಿನ್ ಮೇಜನ್ನು ತಟ್ಟಿದಳು. ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ತನ್ನ ಎದೆ ಮುಟ್ಟಿಕೊಂಡಳು. ಮೇಲಿನಿಂದ ಏನೋ ಎತ್ತಿಕೊಂಡಂತೆ, ಬಾಯಿಗೆ ಹಾಕಿ ನೋಡಿದಂತೆ ಮಾಡಿದಳು. ಆಮೇಲೆ ಬೈಕಿನ ಹ್ಯಾಂಡಲ್ ತಿರುಚುವ ಹಾಗೆ ಮುಷ್ಟಿ ತಿರುಗಿಸಿ, ಸೀಟು ತಟ್ಟಿ, ಕಿಟಕಿಯಾಚೆಯ ಬಿಸಿಲಿಗೆ ಬೆರಳು ಮಾಡಿದಳು. ಮತ್ತೆ ಎದೆ ಮುಟ್ಟಿಕೊಂಡು ಅಪ್ಪನಿಗೆ ಕೈಮುಗಿದಳು.

"ನೀನು ತೆಗೆದ್ಯಾ?" ಬುನ್ತಾ ಕೂಗಿದ. "ದೇವರ ಪಕ್ಕ ಇಟ್ಟಿದ್ದನ್ನ ತೆಗೆದು ಬೈಕ್ ಮೇಲೆ ಬಿಸಿಲಲ್ಲಿ ಇಟ್ಯಾ? ಅಯ್ಯೋ ಪಾಪಿ! ನಾನಿಟ್ಟ ಜಾಗದಲ್ಲೇ ಬಿಟ್ಟಿದ್ರೆ ಏನಾಗ್ತಿತ್ತೇ ನಿಂಗೆ?"

ಅವಳು ತಲೆ ತಗ್ಗಿಸಿ ಕೂತಳು. ಆ ದಿನಗಳಲ್ಲಿ ಅವಳ ಬೈಕು ಅವಳ ಹತ್ತಿರ ಇರಲೇ ಇಲ್ಲ. ನನ್ನದು ಕೆಟ್ಟಿತ್ತೆಂದು ಪಂದ್ಯದ ದಿನದವರೆಗೂ ಅವಳದನ್ನು ನಾನೇ ಓಡಿಸುತ್ತಿದ್ದೆ. ಅದು ಬುನ್ತಾನಿಗೂ ತಿಳಿದದ್ದೇ, ಸಿಟ್ಟಿನಲ್ಲಿ ಹೊಳೆಯಲಿಲ್ಲ. ನಾನು ಹೇಳಲು ಬಾಯಿ ತೆರೆದೆ. ಫೈಲಿನ್ ಮೇಜಿನ ಕೆಳಗೆ ನನ್ನ ಕಾಲನ್ನು ತುಳಿದು ಒತ್ತಿ ಹಿಡಿದಳು. ಒದ್ದು ಪಳಗಿದ ಕಾಲು, ನೋವಾಯಿತು. ಸುಮ್ಮನಾದೆ.

ಆರೇಳು ವಾರದ ಮೇಲೆ ತಂತಿ ಬಿಚ್ಚಿದರು. ಡಾಕ್ಟರಮ್ಮ ಆ ಗಾರೆಯ ಸಾಲನ್ನೇ ನೋಡಿಕೊಂಡು ಬೇಕೆಂದಾಗ ತೆಗೆದಿಡಬಹುದಾದ ಕಟ್ಟುಹಲ್ಲು ಮಾಡಿಕೊಟ್ಟರು. ಬ್ಯಾಂಕಾಕಿನವರು ಬೇರೆ ಹುಡುಗಿಯನ್ನು ಕರೆದೊಯ್ದರು. ಫೈಲಿನ್ ಊರಾಚೆಯ ಕೋಳಿ ಕಾರ್ಖಾನೆಗೆ ಸೇರಿದಳು. ಮಾತಾಡುವಾಗ ಮೇಲಿನ ತುಟಿಯನ್ನು ಕೆಳಗೆ ಎಳೆದುಕೊಳ್ಳುವುದು ಅವಳಿಗೂ ಬಂತು. ಅಪ್ಪ ಮಗಳು ಎದುರುಬದುರು ಊಟಕ್ಕೆ ಕೂತರೆ ನನಗೆ ನೋಡಲಾಗುತ್ತಿರಲಿಲ್ಲ. ಸಾಲದ್ದಕ್ಕೆ ಬುನ್ತಾ ದಿನಕ್ಕೊಂದು ಸಲವಾದರೂ ಎತ್ತಿ ಆಡುತ್ತಿದ್ದ. "ಬೈಕ್ ಮೇಲೆ ಇಟ್ಳಂತೆ, ಬೈಕ್ ಮೇಲೆ! ಅಪ್ಪ ಎತ್ತರದಲ್ಲಿ ಇಟ್ಟಿದ್ದನ್ನ." ಅವಳದು ಒಂದೇ ಉತ್ತರ: "ಹೂಂ ಅಪ್ಪ, ತಪ್ಪಾಯ್ತು."

ನನಗೆ ಬುನ್ತಾನ ಮೇಲೆ ಎಷ್ಟು ಕೋಪ ಬರುತ್ತಿತ್ತೆಂದರೆ, ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಬೇಕೆಂದೇ ಜೋರಾಗಿ ಒತ್ತುತ್ತಿದ್ದೆ.

ಮತ್ತೊಂದು ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಬುನ್ತಾನ ಮನೆಗೆ ಹೋದೆ. ಫೈಲಿನ್ ಕೆಲಸಕ್ಕೆ ಹೋಗಿದ್ದಳು. ಅವನು ಹಲಗೆಯ ದೂಳು ಒರೆಸಲೆಂದು ಸ್ಟೂಲು ಹತ್ತಿದ್ದ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಬುದ್ಧನ ಮುಂದಿನ ಮೇಣದ ಬತ್ತಿಯನ್ನೇ ನೋಡುತ್ತಿದ್ದ. ಹಚ್ಚದೆ ಇಟ್ಟ ಹೊಸ ಬತ್ತಿ ಅದು, ನಡು ಬಗ್ಗಿ ಹಲಗೆಯ ಮೇಲೆ ಒರಗಿಬಿಟ್ಟಿತ್ತು.

ಬುನ್ತಾ ಕೈಯೆತ್ತಿ ಮೇಲಿನ ತಗಡಿಗೆ ಅಂಗೈಯನ್ನು ಒತ್ತಿದ. ತೆಗೆಯಲಿಲ್ಲ. ನಾನು ಓಡಿಹೋಗಿ ಮೊಣಕೈ ಹಿಡಿದು ಎಳೆಯುವವರೆಗೂ ತೆಗೆಯಲಿಲ್ಲ.

"ಹುಚ್ಚಾ ನಿಂಗೆ? ಇಳಿ ಕೆಳಗೆ!"

ಇಳಿದು ನೆಲದ ಮೇಲೆ ಕೂತ. ಬೆಂದ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ, "ಆಗ ಬೈಕ್ ನಿನ್ನ ಹತ್ರ ಇತ್ತು ಅಲ್ವೇನೋ?"

"ಇತ್ತು."

"ಅವಳು ಇಟ್ಟಿದ್ದಲ್ಲ."

"ಅಲ್ಲ."

"ವರ್ಷಪೂರ್ತಿ ಬೈದ್ನಲ್ಲೋ ಮೀ ಅವಳ್ನ. ದಿನಾ ಬೈದ್ನಲ್ಲೋ." ಅವನು ಅತ್ತ. ಬಾಯಿ ಪೂರ್ತಿ ತೆರೆದು, ಖಾಲಿ ಒಸಡು ಕಾಣುವಂತೆ ಅತ್ತ. ಆಮೇಲೆ ಮುಖ ಒರೆಸಿಕೊಂಡು ನನ್ನ ಕೈ ಹಿಡಿದ. "ಅವಳಿಗೆ ಹೇಳ್ಬೇಡ, ನಂಗೆ ಗೊತ್ತಾಯ್ತು ಅಂತ. ನಾನು ನೊಂದ್ಕೋಬಾರ್ದು ಅಂತ ಇಷ್ಟು ದಿನ ಬೈಸ್ಕೊಂಡಿದಾಳೆ. ಅದೂ ವ್ಯರ್ಥ ಆಗ್ಬಾರ್ದು."

ಸಂಜೆ ಮೂವರೂ ಊಟಕ್ಕೆ ಕೂತೆವು. ಫೈಲಿನ್ ಹಲ್ಲು ತೆಗೆದಿಟ್ಟು ಅಂಟನ್ನದ ಬುಟ್ಟಿಯ ಮುಚ್ಚಳ ತೆಗೆದಳು. ಬುನ್ತಾ ಕೈಹಾಕಿದವನು ಬಿಸಿ ಅನ್ನ ತಾಗಿ ಸುಟ್ಟುಕೊಂಡವನಂತೆ ಹಿಂದಕ್ಕೆ ಎಳೆದುಕೊಂಡ.

"ಏನಾಯ್ತಪ್ಪ ಕೈಗೆ?"

"ಬಾಣಲೆ ಮುಟ್ಟಿದೆ."

ಅವಳು ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬಾಣಲೆಯ ಗುರುತು ದುಂಡಗಿರುತ್ತದೆ. ಇಲ್ಲಿ ಅಂಗೈಗೆ ಅಡ್ಡಲಾಗಿ ಕೆಂಪು ಬರೆಗಳಿದ್ದವು, ಒಂದರ ಪಕ್ಕ ಒಂದು, ತಗಡಿನ ಅಲೆಯ ಹಾಗೆ. ಅವಳು ಕತ್ತೆತ್ತಿ ಹಲಗೆಯ ಮೇಲಿನ ಸೂರನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ತಟ್ಟೆ ನೋಡಿಕೊಂಡೆ.

ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಮೆತ್ತಗಾಗಿಸಿ, ಅಪ್ಪನ ಬಾಯಿಗೆ ಒಂದೊಂದಾಗಿ ಇಟ್ಟಳು. ಅವನು ನುಂಗಿದ. ಇವತ್ತು ಬೈಯದಿದ್ದರೆ ಅವಳಿಗೆ ಅನುಮಾನ ಬಂದೀತು ಎಂದುಕೊಂಡನೋ ಏನೋ, ಗಂಟಲು ಸರಿಮಾಡಿಕೊಂಡ.

"ಬೈಕ್ ಮೇಲೆ ಇಡ್ಬಾರ್ದಿತ್ತು ಕಣೇ ನೀನು," ಎಂದ.

"ಹೂಂ ಅಪ್ಪ," ಎಂದಳು ಫೈಲಿನ್, ಮುಂದಿನ ಉಂಡೆ ಕಟ್ಟುತ್ತ. "ತಪ್ಪಾಯ್ತು."